ಮಗ ದಪ್ಪಗಾದ ಅಂತ ಖುಷಿಪಟ್ಟೆವು, ಎತ್ತರ ನಿಂತೇ ಹೋಗಿತ್ತು

ಎತ್ತರ ಬೆಳೆಯಲಿ, ಮೈ ತುಂಬಲಿ ಅಂತ ಮಗುವಿಗೆ ಯಾವುದಾದರೂ ಪುಡಿ ಕೊಡುತ್ತಿದ್ದೀರಾ? ಹಾಗಿದ್ದರೆ ಮೊದಲೇ ಒಂದು ಮಾತು. ಇದನ್ನು ಓದಿ ಗಾಬರಿಯಾಗಿ ಅದನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಡಬ್ಬಿ ಸಮೇತ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಯಾಕೆ ಅಂತ ಕೆಳಗೆ ಬರುತ್ತದೆ.

ನನ್ನ ಮಗನಿಗೆ ಆಗ ಎಂಟು ವರ್ಷ. ಶಾಲೆಯಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಎಲ್ಲರಿಗಿಂತ ಕುಳ್ಳ ಅಂತ ಯಾವಾಗಲೂ ಮೊದಲನೆಯವನು. ಅವನಿಗಿಂತ ಒಂದು ವರ್ಷ ಚಿಕ್ಕವಳಾದ ನನ್ನ ಅಣ್ಣನ ಮಗಳು ಅವನನ್ನು ದಾಟಿ ಬೆಳೆದಿದ್ದಳು. "ಇವನಿಗೆ ಊಟ ಸರಿಯಾಗಿ ಹಾಕಲ್ವಾ?" ಅಂತ ಯಾರಾದರೂ ಕೇಳಿದಾಗಲೆಲ್ಲ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಿಜ ಏನೆಂದರೆ, ಅವನಿಗೆ ಏನೂ ಆಗಿರಲಿಲ್ಲ. ಶಾಲೆಯ ಹಳೆಯ ಕಾರ್ಡು ತೆಗೆದು ನೋಡಿದ್ದರೆ ಸಾಕಿತ್ತು, ವರ್ಷಕ್ಕೆ ಐದು ಸೆಂಟಿಮೀಟರ್‌ಗೆ ಕಡಿಮೆಯಿಲ್ಲದೆ ಬೆಳೆದಿದ್ದ. ನಾಲ್ಕು ವರ್ಷದಿಂದ ಹರೆಯಕ್ಕೆ ಬರುವ ತನಕ ಮಕ್ಕಳು ಬೆಳೆಯುವುದೇ ವರ್ಷಕ್ಕೆ ಸುಮಾರು 5–6 ಸೆಂ.ಮೀ. ಇನ್ನು ನಾವಿಬ್ಬರೂ ಏನು ಉದ್ದವೇ? ನಮ್ಮನೆಯವರು 165 ಸೆಂ.ಮೀ., ನಾನು 152. ಅಪ್ಪ ಅಮ್ಮನ ಎತ್ತರ ಕೂಡಿಸಿ, ಗಂಡು ಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಬಂದದ್ದನ್ನು ಅರ್ಧ ಮಾಡಬೇಕಂತೆ. ನನ್ನ ಮಗನಿಗೆ ಬರುವುದು 165. ಅದಕ್ಕಿಂತ ಏಳೆಂಟು ಸೆಂ.ಮೀ. ಹೆಚ್ಚುಕಮ್ಮಿ ಆದರೂ ಸಹಜವೇ. ಈ ಲೆಕ್ಕ ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಡಾಕ್ಟರನ್ನು ಕೇಳದೆ ನಾವೇ ಲ್ಯಾಬ್‌ಗೆ ಹೋಗಿ ಗ್ರೋತ್ ಹಾರ್ಮೋನ್ ಪರೀಕ್ಷೆ ಮಾಡಿಸಿದೆವು. ಕಡಿಮೆ ಅಂತ ಬಂತು. ಎದೆ ಧಸಕ್ಕೆಂದಿತು. ಆ ಹಾರ್ಮೋನು ದಿನವಿಡೀ ಒಂದೇ ಸಮ ಇರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ, ಅದರಲ್ಲೂ ಗಾಢ ನಿದ್ದೆಯಲ್ಲಿ ಜಾಸ್ತಿ. ಹಗಲಲ್ಲಿ ಯಾವಾಗಲೋ ಒಮ್ಮೆ ರಕ್ತ ತೆಗೆದರೆ ಆರೋಗ್ಯವಾಗಿರುವ ಮಗುವಿಗೂ ಕಡಿಮೆಯೇ ಬರಬಹುದು. ನಿಜಕ್ಕೂ ಕೊರತೆ ಇದೆಯಾ ಅಂತ ನೋಡಲು ಔಷಧಿ ಕೊಟ್ಟು, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹಲವು ಸಲ ರಕ್ತ ತೆಗೆಯುವ ಬೇರೆ ಪರೀಕ್ಷೆ ಇದೆ. ನಮಗೆ ಇದೆಲ್ಲ ಎಲ್ಲಿ ಗೊತ್ತಿತ್ತು. ಆ ಒಂದು ಕಾಗದ ಹಿಡಿದುಕೊಂಡು ಫೋನಿನಲ್ಲಿ ಹುಡುಕಿದಾಗ ಸಿಕ್ಕಿದ್ದೇ ಈ ಪುಡಿ.

'ಪೂರ್ತಿ ಗಿಡಮೂಲಿಕೆ, ಅಡ್ಡಪರಿಣಾಮ ಇಲ್ಲವೇ ಇಲ್ಲ' ಅಂತ ಡಬ್ಬಿಯ ಮೇಲೆ. ಒಳಗೆ ಏನೇನು ಎಷ್ಟೆಷ್ಟಿದೆ ಅನ್ನುವ ಪಟ್ಟಿ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಇದೆಲ್ಲ ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡಿ.

ಎರಡೇ ವಾರದಲ್ಲಿ ಹುಡುಗನಿಗೆ ಎಲ್ಲಿಲ್ಲದ ಹಸಿವು. ಕೆನ್ನೆ ತುಂಬಿಕೊಂಡಿತು. ಮೊದಲು ಚುಚ್ಚುತ್ತಿದ್ದವರೇ "ಈಗ ಲಕ್ಷಣವಾಗಿದ್ದಾನೆ" ಅಂದರು. ನಾನು ಇನ್ನೂ ಇಬ್ಬರಿಗೆ ಅದೇ ಪುಡಿ ಹೇಳಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹತ್ತು ತಿಂಗಳು ಕೊಟ್ಟೆವು. ತೂಕ ಒಂಬತ್ತು ಕಿಲೋ ಏರಿತು. ಪ್ಯಾಂಟುಗಳು ಸೊಂಟದಲ್ಲಿ ಹಿಡಿಯದಾದವು, ಆದರೆ ಉದ್ದದಲ್ಲಿ ಒಂದೂ ಗಿಡ್ಡವಾಗಲಿಲ್ಲ. ಹಳೆಯ ಪ್ಯಾಂಟಿನ ಗುಂಡಿ ಜರುಗಿಸಿ ಹೊಲಿದೆನೇ ಹೊರತು ಕಾಲಿನ ಮಡಿಕೆ ಒಂದು ಸಲವೂ ಬಿಚ್ಚಲಿಲ್ಲ. ಕೈಯಾರೆ ಹೊಲಿದವಳು ನಾನೇ, ಆದರೂ ತಲೆಗೆ ಹೋಗಲಿಲ್ಲ. ಹತ್ತು ತಿಂಗಳಿಗೆ ಬೆಳೆದಿದ್ದು ಒಂದೇ ಸೆಂಟಿಮೀಟರ್. ಮುಖ ದುಂಡಗಾಗಿ ಊದಿಕೊಂಡಂತೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು, ಸುಮ್ಸುಮ್ನೆ ಸಿಟ್ಟು. ನಡುವೆ ಒಂದು ಕ್ಲಿನಿಕ್‌ಗೆ ಹೋದಾಗ ತೂಕ ನೋಡಿ ಕಳಿಸಿದರು. ಎತ್ತರ ಅಳೆಯಲೇ ಇಲ್ಲ.

ಒಂದು ಸಲ ಪುಡಿ ಮುಗಿದು ಹೊಸ ಪಾರ್ಸೆಲ್ ತಡವಾಯಿತು. ನಾಲ್ಕನೆಯ ದಿನ ಜ್ವರ ಬಂತು, ವಾಂತಿ ಶುರುವಾಯಿತು. ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಬಿಪಿ ಕುಸಿದಿತ್ತು, ಶುಗರ್ ಕುಸಿದಿತ್ತು. "ಯಾವುದಾದರೂ ಔಷಧಿ ಕೊಡ್ತಿದ್ರಾ?" ಅಂತ ಕೇಳಿದರು. ಇಲ್ಲ ಅಂದೆವು. ಸುಳ್ಳು ಹೇಳಿದ್ದಲ್ಲ, ಪುಡಿ ಔಷಧಿ ಅಂತಲೇ ನಮಗೆ ಅನಿಸಿರಲಿಲ್ಲ.

ಆಮೇಲೆ ಬಂದ ಮಕ್ಕಳ ಹಾರ್ಮೋನ್ ಡಾಕ್ಟರು ಅವನ ಮುಖ, ಹೊಟ್ಟೆಯ ಗೆರೆ ನೋಡಿದರು, ರಕ್ತದ ವರದಿ ನೋಡಿದರು. ಹುಡುಗನನ್ನು ನೋಡಿದರೆ ಮೈಯಲ್ಲಿ ಸ್ಟೀರಾಯ್ಡ್ ವಿಪರೀತ ಇದ್ದ ಹಾಗಿದೆ, ವರದಿಯಲ್ಲಿ ಮೈ ತಾನೇ ಮಾಡುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎರಡೂ ಒಟ್ಟಿಗೆ ಇದ್ದರೆ ಸ್ಟೀರಾಯ್ಡ್ ಹೊರಗಿನಿಂದ ಬರುತ್ತಿದೆ ಅಂತ ಅರ್ಥ. "ಪುಡಿ, ಲೇಹ್ಯ, ಎಣ್ಣೆ, ಮುಲಾಮು, ಏನಾದ್ರೂ ಇದ್ರೆ ಹೇಳಿ, ನಾನು ಬೈಯಲ್ಲ" ಅಂದರು. ಆಗ ಬಾಯಿಬಿಟ್ಟೆವು. ಪುಡಿ ಪರೀಕ್ಷೆಗೆ ಹೋಯಿತು. ಅದರಲ್ಲಿ ಇದ್ದದ್ದು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್.

ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಕಾರ್ಟಿಸಾಲ್ ಮಾಡುತ್ತವೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಮೆದುಳು 'ನೀವು ಮಾಡಬೇಕಿಲ್ಲ' ಅನ್ನುತ್ತದೆ, ಅವು ಮಲಗಿಬಿಡುತ್ತವೆ. ಆಗ ಪುಡಿಯನ್ನು ದಿಢೀರ್ ನಿಲ್ಲಿಸಿದರೆ ಸಣ್ಣ ಜ್ವರ ಬಂದರೂ ಜೀವಕ್ಕೇ ಕುತ್ತು. ಎಸೆಯಬೇಡಿ ಅಂದಿದ್ದು ಅದಕ್ಕೇ. ಅದೇ ಸ್ಟೀರಾಯ್ಡ್ ಎಲುಬಿನ ತುದಿಯ ಬೆಳವಣಿಗೆಯನ್ನೂ ತಡೆಯುತ್ತದೆ. ಅಂದರೆ ಎತ್ತರಕ್ಕೆಂದು ತಂದಿದ್ದೇ ಎತ್ತರವನ್ನು ನಿಲ್ಲಿಸಿತ್ತು.

ಆದರೆ ಉಬ್ಬಸಕ್ಕೆ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಇನ್‌ಹೇಲರ್ ಇಟ್ಟುಕೊಂಡವರು ಇದನ್ನು ಓದಿ ಹೆದರಿ ನಿಲ್ಲಿಸಬೇಡಿ ಮಾರಾಯ್ರೇ. ಅದು ಅಳತೆ ಹಾಕಿ ಕೊಟ್ಟದ್ದು.

ಮೈ ಮಾಡದ ಕಾರ್ಟಿಸಾಲ್ ಬದಲಿಗೆ ಎಂಟು ತಿಂಗಳು ಹೈಡ್ರೋಕಾರ್ಟಿಸೋನ್ ಮಾತ್ರೆ ಕೊಟ್ಟೆವು, ನಿಧಾನವಾಗಿ ಇಳಿಸುತ್ತಾ ಬಂದರು. ಜ್ವರ ಬಂದರೆ ಡೋಸ್ ಹೆಚ್ಚಿಸಬೇಕು, ಮಾತ್ರೆ ವಾಂತಿಯಾದರೆ ಇಂಜೆಕ್ಷನ್‌ಗೆ ಓಡಬೇಕು. ಅವನ ಶಾಲೆಯ ಚೀಲದಲ್ಲಿ ಇದನ್ನೆಲ್ಲ ಬರೆದ ಒಂದು ಕಾರ್ಡು ಯಾವಾಗಲೂ ಇರುತ್ತಿತ್ತು. ಎಡಗೈಯ ಎಕ್ಸ್-ರೇ ತೆಗೆದು ಎಲುಬಿನ ವಯಸ್ಸು ನೋಡಿದರು. ವಯಸ್ಸಿಗಿಂತ ಒಂದು ವರ್ಷ ಹಿಂದಿದೆ, ಬೆಳೆಯಲು ಇನ್ನೂ ಅವಕಾಶ ಇದೆ ಅಂದರು. ಕಳೆದ ಆರು ತಿಂಗಳಲ್ಲಿ 3 ಸೆಂ.ಮೀ. ಬೆಳೆದಿದ್ದಾನೆ.

ಆ ಡಾಕ್ಟರು ಹೇಳಿದ ಒಂದು ಮಾತು ಮನಸ್ಸಲ್ಲಿ ಕೂತಿದೆ. ಜಾಸ್ತಿ ತಿಂದು ದಪ್ಪಗಾಗುವ ಮಕ್ಕಳು ಸಾಮಾನ್ಯವಾಗಿ ಎತ್ತರವೂ ಬೆಳೆಯುತ್ತಾರೆ. ದಪ್ಪಗಾಗುತ್ತಾ ಎತ್ತರ ನಿಂತರೆ ಹಾರ್ಮೋನಿನ ಕಡೆ ನೋಡಬೇಕು. ಸ್ಟೀರಾಯ್ಡ್ ಇರಬಹುದು, ಥೈರಾಯ್ಡ್ ಕಡಿಮೆಯಾಗಿರಬಹುದು. ದಪ್ಪಗಿರಲಿ ತೆಳ್ಳಗಿರಲಿ, ಶಾಲೆಗೆ ಹೋಗುವ ಮಗು ವರ್ಷಕ್ಕೆ 4 ಸೆಂ.ಮೀ. ಕೂಡ ಬೆಳೆಯದಿದ್ದರೆ ತೋರಿಸಲೇಬೇಕು. ಈಗ ಆರು ತಿಂಗಳಿಗೊಮ್ಮೆ ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆಯುತ್ತೇನೆ, ಅದೂ ಬೆಳಿಗ್ಗೆಯೇ. ಸಂಜೆಯ ಹೊತ್ತಿಗೆ ಎಲ್ಲರೂ ಸ್ವಲ್ಪ ಕುಗ್ಗಿರುತ್ತೇವಂತೆ.

ನಾನು ಪುಡಿ ಹೇಳಿದ್ದ ಆ ಇಬ್ಬರಲ್ಲಿ ಒಬ್ಬರು ಒಂದೇ ವಾರ ಕೊಟ್ಟು ಬಿಟ್ಟಿದ್ದರಂತೆ, ಮಗು ಚೆನ್ನಾಗಿದೆ. ಇನ್ನೊಬ್ಬರು ಮಗುವನ್ನು ಅದೇ ಡಾಕ್ಟರಿಗೆ ತೋರಿಸುತ್ತಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ.