ನೈಟ್ ರೈಡರ್ ಕಾರಿನ ಮಾದರಿ: ಮೂತಿ ಸರಿ, ಕೆಂಪು ದೀಪ ಎಲ್ಲಿ?

ಮೊದಲೇ ಹೇಳಿಬಿಡುತ್ತೇನೆ, ಚಿಕ್ಕಮಗಳೂರಿನ ಮಳೆಗಾಲದಲ್ಲಿ ಇದಕ್ಕೆ ಬಣ್ಣ ಹೊಡೆಯಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಕಪ್ಪು ಸ್ಪ್ರೇ ಒಣಗುವಾಗ ಬೂದಿ ಮೆತ್ತಿದ ಹಾಗೆ ಬಿಳಿಚಿಕೊಳ್ಳುತ್ತದೆ. ನಾನು ಬಾನೆಟ್ ಪೂರ್ತಿ ಉಜ್ಜಿ, ಬಿಸಿಲಿಗಾಗಿ ಎರಡು ವಾರ ಕಾದು ಮತ್ತೆ ಹೊಡೆದೆ.

ನಾವೇ ಜೋಡಿಸಬೇಕಾದ 1:24 ಅಳತೆಯ ಪ್ಲಾಸ್ಟಿಕ್ ಕಾರು ಇದು. ಹತ್ತಿರ ಹತ್ತಿರ ಗೇಣುದ್ದ. ಚಿಕ್ಕವರಿದ್ದಾಗ ಅಣ್ಣ, ನಾನು ಪಕ್ಕದ ಮನೆ ಟಿವಿ ಮುಂದೆ ಕೂತು ನೋಡುತ್ತಿದ್ದ ‘ನೈಟ್ ರೈಡರ್’ ಅನ್ನೋ ಅಮೆರಿಕದ ಧಾರಾವಾಹಿಯ ಮಾತಾಡುವ ಕಾರು, ಕಿಟ್.

ಮೂತಿ ಬೇರೆಯೇ ತುಂಡಾಗಿ ಬಂದಿದೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ, ಯಾಕೆಂದರೆ ನಿಜವಾದ ಕಾರು ಆಗಿದ್ದೂ ಹಾಗೇ. 1982ರ ಪಾಂಟಿಯಾಕ್ ಫೈರ್‌ಬರ್ಡ್ ಟ್ರಾನ್ಸ್ ಆಮ್ ತಗೊಂಡು, ಅದಕ್ಕೆ ವಿನ್ಯಾಸಕ ಮೈಕೆಲ್ ಶೆಫಿ ಹೊಸ ಮೂತಿ, ಹೊಸ ಡ್ಯಾಶ್‌ಬೋರ್ಡ್ ವಿನ್ಯಾಸ ಮಾಡಿದರು. ಡ್ಯಾಶ್‌ಬೋರ್ಡಿನ ಎರಡು ಪುಟ್ಟ ಟಿವಿಗಳೂ ಇಲ್ಲಿವೆ. ಗುಂಡಿಗಳೆಲ್ಲ ನೀರಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರ್. ಚಿಮಟ ಇಲ್ಲದೆ ಆಗುವ ಕೆಲಸ ಅಲ್ಲ.

ಡ್ರೈವರ್ ಸೀಟು ಅಂಟಿಸುವಾಗ ಕೈ ನಿಂತಿತು. ಕಾರು ತಾನೇ ಓಡುತ್ತೆ ಅಂತ ನಂಬಿದ್ದೆವಲ್ಲ, ಅದರ ಗುಟ್ಟು ಈ ಸೀಟಿನಲ್ಲೇ ಇತ್ತು. ಸ್ಟಂಟ್ ಡ್ರೈವರ್ ಸೀಟಿನೊಳಗೇ ಅಡಗಿ ಕೂತು ಓಡಿಸುತ್ತಿದ್ದರು. ಹಾರುವ ದೃಶ್ಯಕ್ಕೆ ರ‍್ಯಾಂಪ್, ಹಗುರ ಮಾಡಿದ ಬೇರೆ ಕಾರು. ಕಾರಿಗೆ ದನಿ ಕೊಟ್ಟ ನಟ ವಿಲಿಯಂ ಡೇನಿಯಲ್ಸ್ ಮಾತುಗಳನ್ನ ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ತಮ್ಮ ಹೆಸರು ತೆರೆ ಮೇಲೆ ಬೇಡ ಅಂದಿದ್ದರಂತೆ!

ಬೇಜಾರಿನ ವಿಷಯ ಮೂತಿಯಲ್ಲಿ ಆ ಕಡೆ ಈ ಕಡೆ ಓಡಾಡಬೇಕಾದ ಕೆಂಪು ದೀಪ. ಡಬ್ಬಿಯಲ್ಲಿ ಬರೀ ಒಂದು ಕೆಂಪು ಪ್ಲಾಸ್ಟಿಕ್ ತುಂಡು ಇದೆ. ನಾಲ್ಕು ಸಾವಿರದ ಹತ್ತಿರ ಕೊಟ್ಟ ಮೇಲೆ ದೀಪ ಬೇಡ್ವಾ? ಆ ದೀಪ ಇಲ್ಲದಿದ್ದರೆ ಅದು ಸುಮ್ನೆ ಒಂದು ಕಪ್ಪು ಕಾರು.

ಎಂ.ಜಿ. ರಸ್ತೆ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಡುಗನ ಹತ್ತಿರ ಹೋದೆ. ದೀಪಗಳನ್ನ ಒಂದಾದ ಮೇಲೊಂದು ಹೊತ್ತಿಸುವ 4017 ಅನ್ನೋ ಚಿಪ್ ಹಾಕಿ ಆರು ಎಲ್‌ಇಡಿ ಕೂರಿಸಿಕೊಟ್ಟ. ಬೆಳಕು ಆ ಕಡೆ ಈ ಕಡೆ ಓಡಿತು, ಆದರೆ ಮದುವೆ ಮನೆ ಸೀರಿಯಲ್ ಸೆಟ್ ಥರ ಪಟಪಟ ಅಂತ. ಹಳೇ ಕಾರಿನಲ್ಲಿದ್ದಿದ್ದು ಫಿಲಮೆಂಟ್ ಬಲ್ಬು. ಆರಿಸಿದ ಮೇಲೂ ಕ್ಷಣಹೊತ್ತು ಕೆಂಪಗಿರುತ್ತೆ. ಅದಕ್ಕೇ ಬೆಳಕು ಬಾಲ ಎಳೆದುಕೊಂಡು ಹೋದ ಹಾಗೆ ಕಾಣುತ್ತಿತ್ತು. ಹುಡುಗನಿಗೆ ಇದನ್ನ ಹೇಳಿದೆ. “ಇರಿ ಅಕ್ಕ” ಅಂದವನೇ ಒಂದೊಂದು ಎಲ್‌ಇಡಿಗೂ ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಟ್ಟುಕೊಳ್ಳುವ ಒಂದೊಂದು ಕೆಪಾಸಿಟರ್ ಬೆಸೆದ. ಬಾಲ ಬಂತು! ಅವನು ತಗೊಂಡಿದ್ದು ಮುನ್ನೂರೈವತ್ತು ರೂಪಾಯಿ.

ಚಿಕ್ಕ ಮಕ್ಕಳಿಗೆ ಇದನ್ನ ಕೊಡಿಸಬೇಡಿ, ತುಂಡುಗಳು ತೀರಾ ಸಣ್ಣವು. ಆ ಕಾರು ನೋಡಿ ಬೆಳೆದವರು ಧೈರ್ಯವಾಗಿ ತಗೊಳ್ಳಿ, ದೀಪದ ಖರ್ಚು ಬೇರೆ ಇಟ್ಟುಕೊಳ್ಳಿ.

ರಾತ್ರಿ ಕೋಣೆ ಕತ್ತಲು ಮಾಡಿ ಮೂಡಿಗೆರೆಯಲ್ಲಿರುವ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ, ಸ್ವಿಚ್ ಆಫ್ ಮಾಡಬೇಡ ಕಣೇ” ಅಂದ.