ಕಾಫಿ ಪುಡಿ ಡಬ್ಬಕ್ಕೆ ಯಾವ ವೈಟ್ ಮಾಸ್ಟರ್‌ಬ್ಯಾಚ್? ಮೂರನ್ನೂ ಹಾಕಿ ನೋಡಾಯ್ತು

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಸಣ್ಣ ಯೂನಿಟ್ಟು, ಎರಡು ಇಂಜೆಕ್ಷನ್ ಮೌಲ್ಡಿಂಗ್ ಮಷೀನು, ಹಿಂದ್ಗಡೆ ಶೆಡ್ಡಲ್ಲಿ ಒಂದು ಹಳೇ ಬ್ಲೋನ್ ಫಿಲ್ಮ್ ಮಷೀನು, ಅಂದ್ರೆ ಕರಗಿದ ಪ್ಲಾಸ್ಟಿಕ್ಕನ್ನ ಬಲೂನ್ ಥರ ಊದಿ ಕವರ್ರಿನ ಹಾಳೆ ಮಾಡೋದು. ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಡಬ್ಬ, ಮುಚ್ಚಳ ಹೊಡೀತೀವಿ, ಸೀಸನ್ನಲ್ಲಿ ಗಿಡ ಬೆಳೆಸೋ ಬಿಳಿ ಕವರ್ರು. ಎಲ್ಲದಕ್ಕೂ ವೈಟ್ ಮಾಸ್ಟರ್‌ಬ್ಯಾಚ್ ಬೇಕೇ ಬೇಕು, ಅಂದ್ರೆ ಬಿಳಿ ಪುಡಿ ದಟ್ಟವಾಗಿ ತುಂಬಿದ ಪ್ಲಾಸ್ಟಿಕ್ ಕಾಳು, ಮಾಮೂಲಿ ಪ್ಲಾಸ್ಟಿಕ್ಕಿಗೆ ಸ್ವಲ್ಪ ಬೆರೆಸಿದ್ರೆ ಬಿಳಿ ಬಣ್ಣ ಬರುತ್ತೆ. ಹೋದ ವರ್ಷದಿಂದ ಮೂರು ಕಡೆಯ ಮಾಲು ಹಾಕಿ ನೋಡಿದೀನಿ, ಕಂಪನಿ ಹೆಸ್ರು ಬರೆಯಲ್ಲ, ಜಗಳ ಬೇಡ. ಕೇಜಿಗೆ 110 ರೂಪಾಯಿದು, 185ರದ್ದು, 250ರದ್ದು ಅಂತ ರೇಟಲ್ಲೇ ಕರೀತೀನಿ, ನಮ್ಮ ಶೆಡ್ಡಲ್ಲೂ ಅದೇ ಹೆಸ್ರು.

ಶುರುವಾಗಿದ್ದು 110ರದ್ರಿಂದ. ಬೆಂಗ್ಳೂರಿನ ಏಜೆಂಟ್ ಒಬ್ರು ಬಂದು ಅಂಗೈ ಮೇಲೆ ಕಾಳು ಸುರಿದು ತೋರ್ಸಿದ್ರು, ಮಲ್ಲಿಗೆ ಮೊಗ್ಗು ಥರ ಇತ್ತು, ನಾನೂ ಮರುಳಾದೆ. ಚಿಕ್ಕಮಗಳೂರಿನ ಕಾಫಿ ಪುಡಿ ಪಾರ್ಟಿಗೆ ಕಾಲು ಕೇಜಿ ಡಬ್ಬ ಕಳಿಸಿದ್ವಿ. ಖಾಲಿ ಡಬ್ಬ ನೋಡೋಕೆ ಫಸ್ಟ್ ಕ್ಲಾಸು. ಪುಡಿ ತುಂಬಿಸಿದ ಮೇಲೆ ಗೊತ್ತಾಯ್ತು ನೋಡಿ ಕಥೆ, ಪುಡಿ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಡಬ್ಬದ ಮೇಲೆ ಕಂದು ನೆರಳು, ಅದರ ಮೇಲೆ ಬಿಳಿ, ಮಧ್ಯ ಗೆರೆ ಎಳೆದಂಗೆ. ಪಾರ್ಟಿ ಫೋನ್ ಮಾಡಿ "ಏನ್ರೀ ಸ್ವಾಮಿ, ಬಿಳಿ ಡಬ್ಬ ಕೇಳಿದ್ರೆ ಲೋಟದಲ್ಲಿ ಕಾಫಿ ಕಾಣೋ ಹಂಗೆ ಮಾಡಿ ಕಳ್ಸಿದೀರಲ್ಲ, ಲೆವೆಲ್ ನೋಡಿ ಜನ ಪುಡಿ ಕಮ್ಮಿ ಹಾಕಿದಾರೆ ಅಂತಾರೆ" ಅಂದ್ರು. ಅವ್ರು ಹೇಳಿದ್ದು ಸರೀನೇ.

ಆಮೇಲೆ ತಿಳೀತು ಬಿಳುಪು ಬೇರೆ, ಮರೆಮಾಡೋ ಶಕ್ತಿ ಬೇರೆ ಅಂತ. ಮರೆಮಾಡೋದು ಟೈಟಾನಿಯಂ ಡೈಆಕ್ಸೈಡು, ದುಬಾರಿ. ಅಗ್ಗದ ಮಾಲಲ್ಲಿ ಅದನ್ನ ಕಮ್ಮಿ ಮಾಡಿ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬ್ತಾರೆ, ಅಂದ್ರೆ ಸೀಮೆಸುಣ್ಣದ ಜಾತಿ. ಮನೆಗೆ ಸುಣ್ಣ ಹೊಡೆಸಿದೋರಿಗೆ ಇದು ಅರ್ಥ ಆಗುತ್ತೆ. ಹಸಿ ಇರೋವಾಗ ಗೋಡೆ ಕಲೆ ಎಲ್ಲ ಕಾಣ್ತಾ ಇರುತ್ತೆ, ಏನಪ್ಪಾ ಇದು ದುಡ್ಡು ದಂಡ ಅನ್ಸುತ್ತೆ, ಸಂಜೆ ಒಣಗಿದ ಮೇಲೆ ನೋಡಿದ್ರೆ ಹಾಲಿನಂಗೆ ಬಿಳಿ. ಪುಡಿ ಸುತ್ತ ಗಾಳಿ ಇದ್ರೆ ಬೆಳಕು ಚದುರುತ್ತೆ, ನೀರಿದ್ರೆ ನೆಟ್ಟಗೆ ಒಳಗೆ ಹೋಗುತ್ತೆ, ಅಷ್ಟೇ ವಿಷ್ಯ. ಪ್ಲಾಸ್ಟಿಕ್ಕಲ್ಲಿ ಸೀಮೆಸುಣ್ಣ ಯಾವಾಗ್ಲೂ ಹಸಿ ಗೋಡೆನೇ. ಪ್ಲಾಸ್ಟಿಕ್ಕಿನ ರಿಫ್ರಾಕ್ಟಿವ್ ಇಂಡೆಕ್ಸ್, ಅಂದ್ರೆ ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಳತೆ, 1.5 ಹತ್ರ, ಕಾರ್ಬೊನೇಟ್‌ದು 1.6, ಇವೆರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಅದಕ್ಕೇ ಬೆಳಕು ಅಷ್ಟಾಗಿ ಚದುರಲ್ಲ. ಟೈಟಾನಿಯಂದು, ಅದ್ರಲ್ಲೂ ರೂಟೈಲ್ ಅನ್ನೋ ಜಾತಿದು, 2.7. ಅನಾಟೇಸ್ ಅಂತ ಇನ್ನೊಂದಿದೆ, 2.55, ಸ್ವಲ್ಪ ನೀಲಿ ಛಾಯೆ, ಕಣ್ಣಿಗೆ ಚೆಂದ. ಆದ್ರೆ ಬಿಸಿಲಿಗೆ ಹೋಗೋ ಐಟಮ್ಮಿಗೆ ಅದು ಬೇಡ, ಬಿಸಿಲಲ್ಲಿ ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ, ಮುಟ್ಟಿದ್ರೆ ಕೈಗೆ ಬಿಳಿ ಪುಡಿ ಅಂಟುತ್ತೆ.

ಏಜೆಂಟನ್ನ ಕೇಳಿದ್ರೆ "ಡೋಸ್ ಜಾಸ್ತಿ ಮಾಡಿ ಸಾರ್, 6 ಪರ್ಸೆಂಟ್ ಹಾಕಿ" ಅಂದ್ರು. ಹಾಕಿದ್ವಿ, ನೆರಳು ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. 250ರದ್ದು 2 ಪರ್ಸೆಂಟಿಗೇ ಪೂರ್ತಿ ಮುಚ್ತು, ಅದ್ರಲ್ಲಿ ಟೈಟಾನಿಯಂ 70 ಪರ್ಸೆಂಟ್ ಅಂತ ಟೆಕ್ನಿಕಲ್ ಶೀಟಲ್ಲೇ ಇದೆ. ನಾನು ಖುಷಿಯಾಗಿ ಲೆಕ್ಕ ಹಾಕ್ದೆ, 6 ಇಂಟು 110 ಅಂದ್ರೆ 660, 2 ಇಂಟು 250 ಅಂದ್ರೆ 500, ದುಬಾರಿದೇ ಅಗ್ಗ ಅಂತ. ನಮ್ಮ ಭಾವ ಅಕೌಂಟ್ಸ್ ನೋಡ್ತಾರೆ, ಅವ್ರು ನಕ್ರು. "6 ಕೇಜಿ ಮಾಸ್ಟರ್‌ಬ್ಯಾಚ್ ಹಾಕಿದಾಗ ಪಿಪಿ 94 ಕೇಜಿ ಸಾಕಲ್ವೇನಯ್ಯ, ಅದನ್ಯಾರು ಲೆಕ್ಕ ಹಿಡೀತಾರೆ" ಅಂದ್ರು. ಆಗ ನಮಗೆ ಪಿಪಿ ಬಿದ್ದಿದ್ದು ಕೇಜಿ 105. ಹಂಗೆ ಲೆಕ್ಕ ಹಾಕಿದ್ರೆ 100 ಕೇಜಿ ಮಿಕ್ಸಿಗೆ ಅಗ್ಗದ್ರಲ್ಲಿ 10,530, ದುಬಾರಿದ್ರಲ್ಲಿ 10,790. ಏಜೆಂಟ್ ಗೆದ್ರು ಅನ್ಕೊಂಡೆ.

ಆದ್ರೆ ನಾವು ಮಾರೋದು ಕೇಜಿ ಲೆಕ್ಕದಲ್ಲಲ್ಲ, ಡಬ್ಬ ಲೆಕ್ಕದಲ್ಲಿ. ಸುಣ್ಣ ಭಾರ, ಅದೇ ಮೌಲ್ಡಲ್ಲಿ 25 ಗ್ರಾಂ ಬರ್ತಿದ್ದ ಡಬ್ಬ ಅಗ್ಗದ್ರಲ್ಲಿ ಇಪ್ಪತ್ತೈದೂವರೆ ತೂಗ್ತು. 100 ಕೇಜಿಗೆ 4000 ಡಬ್ಬದ ಬದ್ಲು 3920. ಭಾಗಿಸಿ ನೋಡಿ, ಡಬ್ಬ ಒಂದಕ್ಕೆ ಅಗ್ಗದ್ರಲ್ಲಿ 2 ರೂಪಾಯಿ 69 ಪೈಸೆ, ದುಬಾರಿದ್ರಲ್ಲಿ 2 ರೂಪಾಯಿ 70 ಪೈಸೆ. ಒಂದು ಪೈಸೆಗೋಸ್ಕರ ಚಿಕ್ಕಮಗಳೂರಿನ ಪಾರ್ಟಿ ಹತ್ರ ಬೈಸ್ಕೊಂಡಿದ್ದು ನಾನು! ಭಾವನೂ ಆಮೇಲೆ ಮಾತಾಡ್ಲಿಲ್ಲ.

ಮಳೆಗಾಲದಲ್ಲಿ ಆ ಒಂದು ಪೈಸೆನೂ ಹೋಯ್ತು. ಜುಲೈನಲ್ಲಿ ನಮ್ಮ ಕಡೆ ಹಪ್ಪಳ ಕೂಡ ಡಬ್ಬದಲ್ಲೇ ಮೆತ್ತಗಾಗುತ್ತೆ, ಫಿಲ್ಲರ್ (ಆ ತುಂಬಿಸಿದ ಸೀಮೆಸುಣ್ಣ) ಜಾಸ್ತಿ ಇರೋ ಮಾಲು ಬಿಡುತ್ತಾ, ಚೀಲ ಬಿಚ್ಚಿಟ್ರೆ ತೇವ ಎಳ್ಕೊಳುತ್ತೆ. ಮುಚ್ಚಳದ ಮೇಲೆ ಬೆಳ್ಳಿ ಗೀರು, ಗೇಟ್ (ಕರಗಿದ ಪ್ಲಾಸ್ಟಿಕ್ ಮೌಲ್ಡೊಳಗೆ ನುಗ್ಗೋ ಬಾಯಿ) ಹತ್ರದಿಂದ ಬೀಸಣಿಗೆ ಥರ ಹರಡಿರುತ್ತೆ. ನಮ್ಮ ಆಪರೇಟರ್ ಹುಡುಗ ಟೆಂಪರೇಚರ್ ಇಳಿಸಿ, ಪ್ರೆಶರ್ ಏರಿಸಿ ಅರ್ಧ ದಿನ ಒದ್ದಾಡಿದ. ಕೊನೆಗೆ ಹಾಪರ್ ಡ್ರೈಯರಲ್ಲಿ 80 ಡಿಗ್ರಿಗೆ ಎರಡು ಗಂಟೆ ಕಾಯಿಸಿ ಹಾಕಿದಾಗ್ಲೇ ನಿಂತಿದ್ದು. ಕರೆಂಟ್ ಬಿಲ್ಲು ಯಾರ ಲೆಕ್ಕಕ್ಕೆ?

185ರದ್ದು ಕೆಟ್ಟದ್ದಲ್ಲ, 3 ಪರ್ಸೆಂಟಿಗೆ ಚೆನ್ನಾಗೇ ಮುಚ್ಚುತ್ತೆ. ಅದ್ರ ತೊಂದ್ರೆ ಬೇರೆ, ಪೌಡರ್ ಗಂಟು ಸರಿಯಾಗಿ ಬಿಡಿಸಿರಲ್ಲ. ಡಬ್ಬದಲ್ಲಿ ಗೊತ್ತಾಗಲ್ಲ, ಅದನ್ನೇ ಕ್ಯಾರಿಯರ್ (ಪೌಡರನ್ನ ಹಿಡಿದಿಡೋ ಪ್ಲಾಸ್ಟಿಕ್) ಬದಲಿಸಿ ಕವರ್ರಿಗೆ ಅಂತ ಕೊಟ್ಟ ಮಾಲನ್ನ ಫಿಲ್ಮ್ ಮಷೀನಿಗೆ ಹಾಕಿದ್ರೆ ಬಲೂನಲ್ಲಿ ರವೆ ಕಾಳಿನಂಥ ಚುಕ್ಕಿ, ಕೆಲವು ಕಡೆ ಚುಕ್ಕಿ ಇದ್ದಲ್ಲೇ ತೂತು, ಜಾಲರಿ ಬೇಗ ಕಟ್ಕೊಂಡು ಪ್ರೆಶರ್ ಏರುತ್ತೆ. ಕ್ಯಾರಿಯರ್ ವಿಷ್ಯ ಬಂತಲ್ಲ, ಇದನ್ನೂ ಕೇಳಿ ತಗೊಳಿ. ಪಿಪಿ ಡಬ್ಬಕ್ಕೆ ಪಿಪಿ ಕ್ಯಾರಿಯರ್, ಕವರ್ರಿಗೆ ಪಾಲಿಥೀನ್ ಜಾತಿಯ ಎಲ್‌ಡಿ ಅಥವಾ ಎಲ್‌ಎಲ್‌ಡಿ. "ಯೂನಿವರ್ಸಲ್, ಎಲ್ಲದಕ್ಕೂ ಆಗುತ್ತೆ" ಅಂದೋರ ಮಾಲು 6 ಪರ್ಸೆಂಟ್ ಹಾಕಿದ್ದ ಮುಚ್ಚಳ ಜಾಯಿಂಟ್ ಗೆರೆಯಲ್ಲೇ ಬಿಟ್ಕೊಳ್ತಿತ್ತು.

ಮಾಲು ಬಂದಾಗ ನಾನು ಮಾಡೋ ಪರೀಕ್ಷೆ ಹೇಳ್ತೀನಿ. ಹಳೇ ಸ್ಟೀಲ್ ಸೌಟಲ್ಲಿ ಒಂದು ಚಮಚ ಕಾಳು, ಶೆಡ್ಡಿನ ಹೊರಗಡೆ ಸ್ಟವ್ ಮೇಲೆ, ಗಾಳಿಗೆ ಬೆನ್ನು ಹಾಕಿ ನಿಂತ್ಕೊಂಡು ಸುಡೋದು. ಮೊದ್ಲು ಕರಗಿ, ಆಮೇಲೆ ಮೇಣದ ಬತ್ತಿ ವಾಸನೆ ಬಂದು ಹತ್ಕೊಂಡು ಉರಿಯುತ್ತೆ, ಕೊನೆಗೆ ಬೂದಿ ಉಳಿಯುತ್ತೆ. ತಣ್ಣಗಾದ ಮೇಲೆ ಗಾಜಿನ ಲೋಟಕ್ಕೆ ಹಾಕಿ ಮೇಲೆ ವಿನೆಗರ್ ಬಿಡಿ. 110ರದ್ದು ಸೋಡಾ ಬಾಟ್ಲಿ ಓಪನ್ ಮಾಡಿದಂಗೆ ಬುಸ್ ಅಂತ ನೊರೆ ಬಂತು, 185ರದ್ದು ಸ್ವಲ್ಪ ಗುಳ್ಳೆ, 250ರದ್ದು ಕದಲ್ಲಿಲ್ಲ. ಸುಡೋ ಮುಂಚೆ, ಸುಟ್ಟಮೇಲೆ ತೂಗಿದ್ರೆ ಒಟ್ಟು ಪುಡಿ ಎಷ್ಟು ಅಂತಲೂ ಅಂದಾಜು ಸಿಗುತ್ತೆ. ಪಕ್ಕಾ ರಿಪೋರ್ಟ್ ಬೇಕಂದ್ರೆ ಮೈಸೂರಲ್ಲಿ ಸಿಪೆಟ್ ಅಂತ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಇದೆ, ಹಾಸನದಿಂದ ಬೆಳಿಗ್ಗೆ ಹೋಗಿ ಸ್ಯಾಂಪಲ್ ಕೊಟ್ಟು ಸಂಜೆಗೆ ವಾಪಸ್ ಬರಬಹುದು.

ಇನ್ನೊಂದು ತಮಾಷೆ. ನೋಟು ಚೆಕ್ ಮಾಡೋ ನೇರಳೆ ಲೈಟ್ ಇರುತ್ತಲ್ಲ, ಅದ್ರ ಕೆಳಗೆ 110ರದ್ದು ಹಿಡಿದ್ರೆ ನೀಲಿಯಾಗಿ ಹೊಳೀತು, ಬಟ್ಟೆಗೆ ಹಾಕೋ ನೀಲಿ ಥರದ ಬ್ರೈಟ್ನರ್ ಬೆರೆಸಿದಾರೆ. ಆ ಮಲ್ಲಿಗೆ ಮೊಗ್ಗಿನ ಗುಟ್ಟು ಅದು.

ತಿನ್ನೋ ಪದಾರ್ಥದ ಡಬ್ಬ ಮಾಡೋರು ಐಎಸ್ 9833 ಪ್ರಕಾರ ಇದೆ ಅಂತ ಲೆಟರ್ ತಗೊಳ್ಳಿ, ಬಣ್ಣದ ಪಿಗ್ಮೆಂಟಿಗೆ ಅದೇ ಸ್ಟ್ಯಾಂಡರ್ಡು. 250ರವ್ರು ಕೇಳಿದ ದಿನವೇ ಮೇಲ್ ಮಾಡಿದ್ರು, 185ರವ್ರು ಹದಿನೈದು ದಿನ ಓಡಾಡಿಸಿದ್ರು, 110ರವ್ರು "ಯಾರೂ ಕೇಳಲ್ಲ ಬಿಡಿ ಸಾರ್" ಅಂದ್ರು.

ಈಗ ಡಬ್ಬಕ್ಕೆ ಕಣ್ಣುಮುಚ್ಚಿ 250ರದ್ದೇ. ತಿನ್ನೋ ಪದಾರ್ಥ ಹೋಗದ ಸ್ಕ್ರೂ, ಮೊಳೆ ಡಬ್ಬಿಗೆ 185ರದ್ದು, ಅಲ್ಲಿ ಚುಕ್ಕಿ ಯಾರು ನೋಡ್ತಾರೆ. ಗಿಡದ ಕವರ್ರಿಗೆ 250ರವ್ರದ್ದೇ ಎಲ್‌ಡಿ ಕ್ಯಾರಿಯರ್ ರೂಟೈಲ್ ಜೊತೆ ಯುವಿ ಸ್ಟೆಬಿಲೈಸರ್ ಬೇರೆ ಹಾಕ್ತೀನಿ. ಆದ್ರೂ ಒಂದೇ ಪದರದ ಬಿಳಿ ಕವರಲ್ಲಿ ಬೆಳಕು ಇಳಿದು ಒಳಗೆ ಪಾಚಿ ಕಟ್ಟುತ್ತೆ, ಒಳಗೆ ಕಪ್ಪು ಪದರ ಬೇಕು, ನನ್ನ ಮಷೀನಲ್ಲಿ ಅದು ಆಗಲ್ಲ, ಮೂಡಿಗೆರೆಯ ನರ್ಸರಿಯವ್ರಿಗೆ ಅದನ್ನ ಮುಂಚೇನೇ ಹೇಳ್ಬಿಡ್ತೀನಿ.

250ರದ್ದೂ ದೇವರ ಪ್ರಸಾದ ಏನಲ್ಲ. ಹೋದ ತಿಂಗಳ ಲಾಟ್ ಸ್ವಲ್ಪ ಹಳದಿ ಹೊಡೀತಿತ್ತು. ಪ್ರತಿ ಲಾಟಿಂದ ಒಂದು ಡಬ್ಬಕ್ಕೆ ಮಾರ್ಕರಲ್ಲಿ ತಾರೀಕು ಬರೆದು ಆಫೀಸ್ ಕಿಟಕಿ ಮೇಲಿಡೋ ಅಭ್ಯಾಸ ನಂದು, ಹಳೇದು ಹೊಸದು ಪಕ್ಕಪಕ್ಕ ಇಟ್ಟು ಬಿಸಿಲಲ್ಲಿ ಫೋಟೋ ತೆಗೆದು ಕಳಿಸಿದೆ. ಎರಡು ಚೀಲ ಬದಲಾಯಿಸಿ ಕೊಟ್ರು, ಲಾರಿ ಬಾಡಿಗೆ ಮಾತ್ರ ನನ್ನ ತಲೆಗೇ ಕಟ್ಟಿದ್ರು.