ಎಣ್ಣೆ ಕಲೆಗೆ ಕಡಲೆಹಿಟ್ಟೋ, ಪಾತ್ರೆ ತೊಳೆಯುವ ಲಿಕ್ವಿಡ್ಡೋ?

ದೀಪಾವಳಿ ಮರುದಿನ ನಮ್ಮ ದಿವಾನ್ ಮೇಲೆ ಮೆಣಸಿನಕಾಯಿ ಬಜ್ಜಿ ತಟ್ಟೆ ಮಗುಚಿತು. ಹಾಸಿದ್ದು ತಿಳಿನೀಲಿ ಬಣ್ಣದ ಹತ್ತಿ ಬೆಡ್‌ಶೀಟ್. ಬಜ್ಜಿಯನ್ನೇನೋ ಎತ್ತಿಕೊಂಡು ತಿಂದೆವು, ಅಂಗೈ ಅಗಲದ ಎಣ್ಣೆ ಮಾತ್ರ ಅಲ್ಲೇ ಉಳಿಯಿತು. "ಕಡಲೆಹಿಟ್ಟು ಉದುರಿಸೋ" ಅಂದರು ಅಮ್ಮ. "ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಣ್ಣ" ಅಂದಳು ತಂಗಿ. ಬೀದಿ ಕೊನೆಯ ಇಸ್ತ್ರಿಯವರು "ಮುಖಕ್ಕೆ ಹಾಕೋ ಪೌಡರ್ ಹಾಕಿ ಸಾರ್" ಅಂದರು. ನಾನು ಯಾರ ಮಾತೂ ಕೇಳದೆ ಬೆಡ್‌ಶೀಟನ್ನು ತಣ್ಣೀರಿನ ಬಕೆಟ್ಟಿಗೆ ಅದ್ದಿದೆ. ಎಣ್ಣೆ ಕದಲಲಿಲ್ಲ. ಬಟ್ಟೆ ನೀರು ಕುಡಿದ ಮೇಲೆ ಯಾವ ಪುಡಿ ಹಾಕಿದರೂ ಬರೀ ಮುದ್ದೆಯಾಯಿತು.

ಸರಿ, ಯಾರು ಹೇಳಿದ್ದು ನಿಜ ಅಂತ ನೋಡೇಬಿಡೋಣ ಅನ್ನಿಸಿತು. ಅಪ್ಪನ ಹಳೇ ಬಿಳಿ ಪಂಚೆ ಒಂದಿತ್ತು. ಹರಿದು ತುಂಡು ಮಾಡಿದೆ. ಪ್ರತಿ ತುಂಡಿಗೂ ಅರ್ಧ ಚಮಚ ಕಡಲೆಕಾಯಿ ಎಣ್ಣೆ. ಅರ್ಧದಷ್ಟು ತುಂಡುಗಳ ಮೇಲೆ ಅವತ್ತೇ ಪ್ರಯೋಗ ಮಾಡಿದೆ. ಉಳಿದವನ್ನು ಹತ್ತು ದಿನ ಮಂಚದ ಕೆಳಗಿಟ್ಟು ಹಳೆ ಕಲೆ ಮಾಡಿಕೊಂಡೆ.

ಮೊದಲು ಅಮ್ಮನ ಕಡಲೆಹಿಟ್ಟು. ದಪ್ಪಗೆ ಉದುರಿಸಿ ಇಪ್ಪತ್ತು ನಿಮಿಷ ಬಿಟ್ಟೆ. ಹಿಟ್ಟು ಎಣ್ಣೆ ಹೀರಿ ಸಣ್ಣ ಸಣ್ಣ ಉಂಡೆಯಾಗಿತ್ತು, ಕೊಡವಿದರೆ ಹಾಗೇ ಉದುರಿತು. ಎಷ್ಟು ಖುಷಿಯಾಯಿತು ಅಂದರೆ ಅಲ್ಲಿಗೇ ಪ್ರಯೋಗ ನಿಲ್ಲಿಸುವವನಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಕಲೆಯ ನೆರಳು ಇನ್ನೂ ಇದೆ! ಮೇಲೆ ನಿಂತ ಎಣ್ಣೆಯನ್ನು ಹಿಟ್ಟು ಎಳೆದುಕೊಳ್ಳುತ್ತದೆ, ನೂಲಿನ ಒಳಗೆ ಇಳಿದದ್ದನ್ನಲ್ಲ. ಟಾಲ್ಕಮ್ ಪೌಡರ್ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿತು. ಹಿಟ್ಟಿಗಿಂತ ನುಣುಪು, ಒದ್ದೆಯಾದರೂ ಹಿಟ್ಟಿನ ಥರ ಅಂಟಾಗುವುದಿಲ್ಲ. ಎರಡು ಸಲ ಹಾಕಿದರೂ ನೆರಳು ಮಾತ್ರ ಪೂರ್ತಿ ಹೋಗಲಿಲ್ಲ. ಹಾಗಾಗಿ ಇಸ್ತ್ರಿಯವರಿಗೆ ಅಮ್ಮನಿಗಿಂತ ಒಂದು ಮಾರ್ಕ್ ಜಾಸ್ತಿ. ಇದನ್ನು ಅಮ್ಮನಿಗೆ ಹೇಳಿಲ್ಲ.

ಆಮೇಲೆ ಸೀಗೆಪುಡಿ. ಹಬ್ಬಕ್ಕೆ ಎಣ್ಣೆಸ್ನಾನ ಮಾಡಿದಾಗ ತಲೆಯ ಜಿಡ್ಡು ತೆಗೆಯುತ್ತದಲ್ಲ, ಬಟ್ಟೆಯದನ್ನು ಯಾಕೆ ತೆಗೆಯಬಾರದು? ತೆಗೆಯಿತು, ಸುಮಾರಾಗಿ. ಆದರೆ ಎಣ್ಣೆ ಇದ್ದ ಜಾಗದಲ್ಲಿ ಟೀ ಚೆಲ್ಲಿದ ಹಾಗೆ ಕಂದು ಕಲೆ ಕೂತಿತು. ಬಿಳಿ ಬಟ್ಟೆಯ ಹತ್ತಿರಕ್ಕೂ ಅದನ್ನು ತರಬೇಡಿ. ಅಂಟುವಾಳ ವಾಸಿ. ರಾತ್ರಿ ಎಂಟ್ಹತ್ತು ಕಾಯಿ ನೆನೆಸಿ, ಬೆಳಿಗ್ಗೆ ಹಿಚುಕಿ, ಆ ನೊರೆನೀರಲ್ಲಿ ತುಂಡನ್ನು ಮುಳುಗಿಸಿದೆ. ಬಣ್ಣ ಅಷ್ಟಾಗಿ ಹಿಡಿಯಲಿಲ್ಲ, ಕಲೆ ಎರಡನೇ ಸಲಕ್ಕೆ ಹೋಯಿತು. ಇಷ್ಟಕ್ಕೆ ಹಿಂದಿನ ದಿನವೇ ತಯಾರಿ ಬೇಕು. ಎಣ್ಣೆ ಹೇಳಿಕೇಳಿ ಚೆಲ್ಲುತ್ತದಾ?

ತಂಗಿಯ ಲಿಕ್ವಿಡ್ ಮುಂದೆ ಇವ್ಯಾವೂ ನಿಲ್ಲಲಿಲ್ಲ. ಒಣಗಿದ ಬಟ್ಟೆ ಮೇಲೆ ನಾಲ್ಕು ಹನಿ ಹಾಕಿ, ಬೆರಳಲ್ಲಿ ಉಜ್ಜಿ, ಹತ್ತು ನಿಮಿಷ ಬಿಟ್ಟು, ಬೆಚ್ಚಗಿನ ನೀರಲ್ಲಿ ತೊಳೆದೆ. ಹೊಸ ಕಲೆ ಒಂದೇ ಸಲಕ್ಕೆ ಮಾಯ. ಇದರ ಕಣಗಳ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಹಿಡಿದ ಎಣ್ಣೆ ನೀರಿನ ಜೊತೆ ಹೋಗುತ್ತದೆ. ಬಟ್ಟೆ ಮೊದಲೇ ಒದ್ದೆಯಾಗಿದ್ದರೆ ಲಿಕ್ವಿಡ್ ನೀರಾಗಿ ಅದರ ಜೋರು ಕಮ್ಮಿಯಾಗುತ್ತದೆ. ಒಂದೇ ಕಿರಿಕಿರಿ ಅಂದರೆ ನೊರೆ. ಚೆನ್ನಾಗಿ ಜಾಲಿಸದೆ ವಾಷಿಂಗ್ ಮಷೀನಿಗೆ ಹಾಕಿದರೆ ಗಾಜಿನ ಬಾಗಿಲ ತುಂಬ ನೊರೆಯೋ ನೊರೆ.

ಹತ್ತು ದಿನದ ಕಲೆಯ ವಿಷಯವೇ ಬೇರೆ. ಪುಡಿಗಳಿಂದ ಏನೂ ಆಗಲಿಲ್ಲ. ಲಿಕ್ವಿಡ್ ಕೂಡ ಅರ್ಧಕ್ಕೇ ಕೈಚೆಲ್ಲಿತು, ತಿಳಿಹಳದಿ ಗುರುತು ಉಳಿಯಿತು. ಅಡುಗೆ ಎಣ್ಣೆ ಗಾಳಿಗೆ ಬಿದ್ದು ದಿನ ಕಳೆದಂತೆ ಅಂಟಂಟಾಗಿ ನೂಲನ್ನು ಕಚ್ಚಿಕೊಳ್ಳುತ್ತದೆ. ಒಲೆ ಪಕ್ಕದ ಎಣ್ಣೆ ಡಬ್ಬದ ಹೊರಮೈ ಹೇಗಿರುತ್ತದೆ ನೆನಪಿಸಿಕೊಳ್ಳಿ, ಅದೇ ಕಥೆ. ಇಲ್ಲಿ ಗೆದ್ದದ್ದು ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಅದು ತೀರಾ ಸಪ್ಪೆ. 1 ಲೀಟರ್ ಬಿಸಿನೀರಿಗೆ 1 ದೊಡ್ಡ ಚಮಚ ಹಾಕಿ, ಒಂದು ಗಂಟೆ ನೆನೆಸಿ, ಆಮೇಲೆ ಮಾಮೂಲಿ ಸೋಪಿನಲ್ಲಿ ಒಗೆದೆ. ಕಲೆ ಎಲ್ಲಿತ್ತು ಅಂತ ಹುಡುಕಬೇಕಾಯಿತು. ಒಂದು ಎಡವಟ್ಟು ಮಾಡಿಕೊಂಡೆ. ಅಮ್ಮನ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೆನೆಸಿದ್ದೆ, ಒಳಗೆಲ್ಲ ಕಪ್ಪಾಯಿತು. ಪ್ಲಾಸ್ಟಿಕ್ ಬಕೆಟ್ ಸಾಕು. ಕೈಗೆ ಗ್ಲೌಸ್ ಇರಲಿ, ಚರ್ಮ ಉರಿಯುತ್ತದೆ.

ದಿಂಬಿನ ಕವರ್‌ಗಳಿಗೂ ಈಗ ಇದೇ ಮಾಡುತ್ತೇನೆ. ಅಲ್ಲಿರುವುದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಅದು ಅಷ್ಟು ಬೇಗ ಅಂಟಾಗುವುದಿಲ್ಲ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಬೆಣ್ಣೆ ಥರ ಕೂತಿರುತ್ತದಲ್ವಾ? ದಿಂಬಿನ ಕವರಿನಲ್ಲೂ ಹಾಗೇ. ತಣ್ಣೀರಲ್ಲಿ ಎಷ್ಟು ಕುಕ್ಕಿದರೂ ದಂಡ.

ಸಾರು, ಒಗ್ಗರಣೆ ಬಿದ್ದ ಕಡೆ ಸೋಪು ತಾಗಿದ ಕೂಡಲೇ ಕಲೆ ಕೆಂಪಗಾದರೆ ಗಾಬರಿ ಬೇಡ. ಅದು ಅರಿಶಿನದ ಗುಣ. ಎಣ್ಣೆ ಹೋದ ಮೇಲೆ ಬಿಸಿಲಿಗೆ ಹಾಕಿ, ತಾನಾಗಿ ಮಾಸುತ್ತದೆ.

ಗ್ರೀಸ್ ಪ್ರಯೋಗ ಬೇಕೆಂದು ಮಾಡಿದ್ದಲ್ಲ. ತಂಗಿಯ ಮಗ ಸೈಕಲ್ ಚೈನ್ ಮುಟ್ಟಿದ ಕೈಯನ್ನು ಕರ್ಟನ್ನಿಗೆ ಒರೆಸಿದ. ಒಂದು ಮೂಲೆಗೆ ಸೀಮೆಎಣ್ಣೆ ಹಚ್ಚಿದೆ. ಕಪ್ಪು ಬಿಟ್ಟಿತು, ವಾಸನೆ ಮಾತ್ರ ಮೂರು ಒಗೆತಕ್ಕೂ ಹೋಗಲಿಲ್ಲ. ಬೆಂಕಿಯ ಭಯ ಬೇರೆ. ಇನ್ನೊಂದು ಮೂಲೆಗೆ ಕೊಬ್ಬರಿ ಎಣ್ಣೆ ಉಜ್ಜಿ, ಗ್ರೀಸ್ ಮೆತ್ತಗಾದ ಮೇಲೆ ಲಿಕ್ವಿಡ್ ಹಾಕಿದೆ. ಎಣ್ಣೆ ಕಲೆಗೆ ಮತ್ತೆ ಎಣ್ಣೆಯಾ ಅಂತ ಎಲ್ಲರೂ ನಕ್ಕರು. ಆದರೆ ಕೆಲಸ ಸೀಮೆಎಣ್ಣೆಯಷ್ಟೇ ಆಯಿತು, ವಾಸನೆಯೂ ಇಲ್ಲ. ಎರಡೂ ಮೂಲೆಯಲ್ಲಿ ತುಸು ಬೂದು ಛಾಯೆ ಉಳಿದಿದೆ. ಕರ್ಟನ್ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ.

ರೇಷ್ಮೆ ಮೇಲೆ ನಾನು ಪ್ರಯೋಗ ಮಾಡಿಲ್ಲ, ಧೈರ್ಯ ಬರಲಿಲ್ಲ. ವಾಷಿಂಗ್ ಸೋಡಾ ಅಂತೂ ರೇಷ್ಮೆ, ಉಣ್ಣೆ ಎರಡನ್ನೂ ಹಾಳು ಮಾಡುತ್ತದೆ. ಅಮ್ಮನ ಸೀರೆಗೆ ತುಪ್ಪ ಬಿದ್ದರೆ ಪೌಡರ್ ಉದುರಿಸಿ, ಕೊಡವಿ, ಡ್ರೈವಾಶ್‌ಗೆ ಕೊಡುತ್ತೇವೆ.

ಅಂದಹಾಗೆ, ಆ ದಿವಾನ್ ಬೆಡ್‌ಶೀಟ್. ಪೂರ್ತಿ ಒಣಗಿಸಿ, ಲಿಕ್ವಿಡ್ ಹಾಕಿ ತೊಳೆದೆ. ಹಿಂಡಿದಾಗ ಕಲೆ ಕಾಣಲೇ ಇಲ್ಲ. ತಂತಿ ಮೇಲೆ ಒಣಗಿದ ಹಾಗೆ ಅದೇ ಜಾಗದಲ್ಲಿ ಮತ್ತೆ ಮೂಡಿತು. ಒದ್ದೆ ಬಟ್ಟೆಯಲ್ಲಿ ಎಲ್ಲವೂ ಒಂದೇ ಗಾಢ ಬಣ್ಣ, ಎಣ್ಣೆಯ ಗುರುತು ಗೊತ್ತಾಗುವುದೇ ಒಣಗಿದ ಮೇಲೆ. ಒಣಗುವ ತನಕ ಇಸ್ತ್ರಿಗೆ ಕೊಡಬೇಡಿ, ಬಿಸಿಗೆ ಉಳಿದ ಕಲೆ ಇನ್ನಷ್ಟು ಕಚ್ಚುತ್ತದೆ. ಎರಡನೇ ಸಲ ಲಿಕ್ವಿಡ್ ಹಾಕಿದ ಮೇಲೆ ನಿಜವಾಗಿ ಹೋಯಿತು. ಈಗ ಅಂಚಿನಲ್ಲಿ ಚಟ್ನಿ ಕಲೆ ಒಂದಿದೆ, ಅದು ಬೇರೆ ವಿಷಯ.